ನೆಟ್‌ನಲ್ಲಿ ಸಿಕ್ಕ ನಕ್ಷೆಯಿಂದ ನಮ್ಮೂರ ವೆಲ್ಡಿಂಗ್ ಶಾಪಿನಲ್ಲಿ ಯಂತ್ರ ಮಾಡಿಸಬಹುದಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ ಸಣ್ಣ ಕಾಫಿ ತೋಟ, ಸ್ವಲ್ಪ ಗದ್ದೆ. ಓಪನ್ ಸೋರ್ಸ್ ಯಂತ್ರಗಳ ನಕ್ಷೆ ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ ಅಂತಾರೆ. ಅದನ್ನು ಪ್ರಿಂಟ್ ತೆಗೆದು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ವೆಲ್ಡಿಂಗ್ ಶಾಪಿಗೆ ಕೊಟ್ಟರೆ ಆಗುತ್ತಾ? ಆಮೇಲೆ ಕೇಸು ಗೀಸು ಬರಲ್ವಾ? ಕೊಳ್ಳುವುದಕ್ಕಿಂತ ಅಗ್ಗ ಬೀಳುತ್ತಾ?

ಉತ್ತರ: ಆಗುತ್ತದೆ. ಎಲ್ಲ ಯಂತ್ರವೂ ಆಗುವುದಿಲ್ಲ. ಯಾವುದನ್ನು ಮಾಡಿಸಬೇಕು ಎಂದು ಆರಿಸುವಾಗ ನಕ್ಷೆಯನ್ನು ಆಮೇಲೆ ನೋಡಿ. ಮೊದಲು ನಿಮ್ಮ ಹತ್ತಿರದ ಶಾಪನ್ನು ನೋಡಿ. ಅಲ್ಲಿ ವೆಲ್ಡಿಂಗ್ ಮಾತ್ರ ಇದೆಯಾ, ಲೇತ್ ಕೂಡ ಇದೆಯಾ? ತಗಡು ಬಗ್ಗಿಸಲು ಬರುತ್ತದಾ? ಕಾಫಿ ಕುಯ್ಲಿನ ಮಧ್ಯೆ ಯಂತ್ರ ನಿಂತರೆ ಅದೇ ದಿನ ಬಂದು ನೋಡುವವರು ಯಾರು? ಇದಕ್ಕೆಲ್ಲ ಉತ್ತರ ಸಿಕ್ಕಿದ ಮೇಲೆ ನಕ್ಷೆ ಹುಡುಕುವುದು ಸುಲಭ.

ಕೇಸಿನ ಭಯ ಮೊದಲು ತೀರಿಸೋಣ. ಓಪನ್ ಸೋರ್ಸ್ ಯಂತ್ರ ಎಂದರೆ ಅದನ್ನು ರೂಪಿಸಿದವರೇ ನಕ್ಷೆ, ಅಳತೆ, ಸಾಮಾನಿನ ಪಟ್ಟಿ ಎಲ್ಲವನ್ನೂ ಹೊರಗಿಟ್ಟಿರುತ್ತಾರೆ. ಯಾರು ಬೇಕಾದರೂ ನೋಡಿ, ಮಾಡಿ, ಬದಲಿಸಿ, ಮಾರಬಹುದು ಎಂದು ಬರೆದೂ ಕೊಟ್ಟಿರುತ್ತಾರೆ. ಆ ಬರಹವೇ ಲೈಸೆನ್ಸ್. ಯುರೋಪಿನ ಸರ್ನ್ ಪ್ರಯೋಗಾಲಯ 2011ರಲ್ಲಿ ಯಂತ್ರಗಳ ನಕ್ಷೆಗೆಂದೇ ಅಂಥದ್ದೊಂದು ಲೈಸೆನ್ಸ್ ತಂದಿತು. ಅದಕ್ಕೆ ಮುಂಚೆಯೂ ಆಮೇಲೂ ಬೇರೆ ಬೇರೆ ಬಗೆಯವು ಬಂದಿವೆ. ನೀವು ನೋಡಬೇಕಾದದ್ದು ಎರಡು ಸಾಲು. ಒಂದು, ವ್ಯಾಪಾರಕ್ಕೆ ಬಳಸಬಾರದು ಎಂದಿದೆಯಾ? ಓಪನ್ ಸೋರ್ಸ್ ಎಂದು ಕರೆದೂ ಕೆಲವರು ಹಾಗೆ ಬರೆದಿರುತ್ತಾರೆ. ಹಾಗಿದ್ದರೆ ನಿಮ್ಮ ತೋಟಕ್ಕೆ ಮಾಡಿಕೊಳ್ಳಬಹುದು, ಶಾಪಿನವರು ಹತ್ತು ಮಾಡಿ ಮಾರುವಂತಿಲ್ಲ. ಎರಡು, ಬದಲಿಸಿದರೆ ಆ ಬದಲಾವಣೆಯನ್ನೂ ಹಂಚಬೇಕು ಎಂದಿದೆಯಾ? ಇದ್ದರೆ ಹಂಚಿ.

ಪೇಟೆಂಟ್ ವಿಷಯ ಬೇರೆ. ಭಾರತದಲ್ಲಿ ಪೇಟೆಂಟ್ ಅರ್ಜಿ ಹಾಕಿದ ದಿನದಿಂದ 20 ವರ್ಷ ನಡೆಯುತ್ತದೆ. ಬೇರೆ ದೇಶದಲ್ಲಿ ಪಡೆದ ಪೇಟೆಂಟ್ ಇಲ್ಲಿ ತಾನಾಗಿ ಲಾಗೂ ಆಗುವುದಿಲ್ಲ, ಇಲ್ಲಿ ಬೇರೆಯಾಗಿ ಪಡೆದಿರಬೇಕು. ಅಂಗಡಿಯಲ್ಲಿ ಕೊಂಡ ಹೊಸ ಯಂತ್ರವನ್ನು ಬಿಚ್ಚಿ ಹಾಗೇ ನಕಲು ಮಾಡಿಸುವಾಗಲಂತೂ ಇದನ್ನೆಲ್ಲ ವಿಚಾರಿಸಲೇಬೇಕು. ಇನ್ನೊಬ್ಬರ ಕಂಪನಿಯ ಹೆಸರು, ಲೋಗೊ ಯಾವತ್ತೂ ಹಾಕಬೇಡಿ.

ನಕ್ಷೆ ಎಲ್ಲರಿಗೂ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆ ಇದೆ. ಊರೂರಿನ ಬೋರ್‌ವೆಲ್ ಕೈಪಂಪು ನೋಡಿದ್ದೀರಲ್ಲ, ಅದರ ಹೆಸರು ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಬೀಡು ಕಬ್ಬಿಣದ ಹಳೆಯ ಪಂಪುಗಳು ಬೇಗ ಬೇಗ ಮುರಿದು ಬೀಳುತ್ತಿದ್ದವು. ಆಗ ಸೊಲ್ಲಾಪುರದ ಕಡೆ ಬಳಕೆಯಲ್ಲಿದ್ದ ಉಕ್ಕಿನ ಪಂಪನ್ನು ಆಧಾರವಾಗಿಟ್ಟುಕೊಂಡು ಸರ್ಕಾರ ಮತ್ತು ಯುನಿಸೆಫ್ ಸೇರಿ ಹೊಸದನ್ನು ರೂಪಿಸಿದವು. ಅದಕ್ಕೆ ಯಾರೂ ಪೇಟೆಂಟ್ ಹಿಡಿದು ಕೂರಲಿಲ್ಲ. ಎಷ್ಟೋ ಕಾರ್ಖಾನೆಗಳು ಮಾಡಿದವು, ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಆದರೆ ನಕ್ಷೆ ಬಿಟ್ಟಿ ಇದ್ದದ್ದರಿಂದ ಮಾತ್ರ ಅದು ಗೆದ್ದಿತು ಎಂದು ನಾನು ನಂಬುವುದಿಲ್ಲ. ಅಳತೆಗಳನ್ನು ಭಾರತೀಯ ಮಾನಕವಾಗಿ ಗಟ್ಟಿ ಮಾಡಿದರು. ಹಾಗಾಗಿ ಒಂದು ಕಾರ್ಖಾನೆಯ ವಾಷರು ಇನ್ನೊಂದು ಕಾರ್ಖಾನೆಯ ಪಂಪಿಗೆ ಕೂರುತ್ತದೆ. ಊರಿನ ಮೆಕ್ಯಾನಿಕ್ ಒಂದನ್ನು ಬಿಚ್ಚಲು ಕಲಿತರೆ ಎಲ್ಲವನ್ನೂ ಬಿಚ್ಚಬಲ್ಲ. ನಿಮ್ಮ ಯಂತ್ರಕ್ಕೂ ಇದೇ ಬೇಕು. ಬೇರಿಂಗು, ವಿ ಬೆಲ್ಟು, ಬೋಲ್ಟು ಎಲ್ಲವೂ ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಂಬರಿನದ್ದೇ ಆಗಿರಲಿ.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲು ಅಸ್ತ್ರ ಎಂಬ ಗುಂಪು ಕಟ್ಟಿದರು. ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತುವ ಮಣ್ಣಿನ ಇಟ್ಟಿಗೆಯ ಮೇಲೂ ಅಲ್ಲಿ ತುಂಬಾ ಕೆಲಸ ನಡೆಯಿತು.

ಈಗ ಕೊಡಗಿನ ವಿಷಯಕ್ಕೆ ಬರೋಣ. ಇಲ್ಲಿ ಮೊದಲು ಮಾಡಿಸಬೇಕಾದ ಯಂತ್ರ ಯಾವುದು ಎಂದು ನನ್ನನ್ನು ಕೇಳಿದರೆ, ರಾಮ್ ಪಂಪ್ ಎನ್ನುತ್ತೇನೆ. ಕರೆಂಟ್ ಬೇಡ, ಡೀಸೆಲ್ ಬೇಡ. ಮೇಲಿನಿಂದ ಇಳಿಯುವ ನೀರಿನ ಹೊಡೆತದಿಂದಲೇ ಅದರಲ್ಲಿ ಸ್ವಲ್ಪ ನೀರನ್ನು ಇನ್ನೂ ಎತ್ತರಕ್ಕೆ ತಳ್ಳುವ ಪಂಪು ಇದು. ಫ್ರಾನ್ಸಿನ ಜೋಸೆಫ್ ಮಾಂಟ್‌ಗೋಲ್ಫಿಯರ್ 1796ರಲ್ಲಿ ಮಾಡಿದ್ದು. ಪೇಟೆಂಟಿನ ಮಾತೇ ಇಲ್ಲ. ಗುಡ್ಡ, ತೋಡು, ಮಳೆಗಾಲದಲ್ಲಿ ದಿನಗಟ್ಟಲೆ ಹೋಗುವ ಕರೆಂಟು, ಇವೆಲ್ಲ ಇರುವ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಇದರೊಳಗೆ ಓಡಾಡುವ ಭಾಗ ಎರಡೇ, ಎರಡು ವಾಲ್ವು. ನೀರು ದಪ್ಪ ಪೈಪಿನಲ್ಲಿ ಇಳಿದು ಬಂದು ಮೊದಲ ವಾಲ್ವಿನಿಂದ ಹೊರಗೆ ಚೆಲ್ಲುತ್ತಿರುತ್ತದೆ. ವೇಗ ಜಾಸ್ತಿಯಾದಾಗ ಆ ವಾಲ್ವು ಪಟ್ಟನೆ ಮುಚ್ಚುತ್ತದೆ. ಓಡುತ್ತಿದ್ದ ನೀರು ನಿಲ್ಲಲಾರದೆ ಎರಡನೇ ವಾಲ್ವನ್ನು ತಳ್ಳಿ ಗಾಳಿ ತುಂಬಿದ ಡಬ್ಬಿಗೆ ನುಗ್ಗುತ್ತದೆ. ಅಲ್ಲಿಂದ ಸಣ್ಣ ಪೈಪಿನಲ್ಲಿ ಮೇಲಕ್ಕೆ ಹೋಗುತ್ತದೆ. ಒತ್ತಡ ಇಳಿದಾಗ ಮೊದಲ ವಾಲ್ವು ಮತ್ತೆ ತೆರೆಯುತ್ತದೆ. ಹಗಲು ರಾತ್ರಿ ಟಕ್ ಟಕ್ ಎಂದು ಇದೇ ನಡೆಯುತ್ತದೆ.

ಎಷ್ಟು ನೀರು ಮೇಲೇರುತ್ತದೆ ಎಂದು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ನಿಮಿಷಕ್ಕೆ 60 ಲೀಟರ್ ನೀರು 3 ಮೀಟರ್ ಇಳಿದು ಪಂಪಿಗೆ ಬರುತ್ತದೆ, ಪಂಪಿನಿಂದ 20 ಮೀಟರ್ ಮೇಲಿರುವ ಟ್ಯಾಂಕಿಗೆ ಏರಿಸಬೇಕು ಎಂದಿಟ್ಟುಕೊಳ್ಳಿ. 60ನ್ನು 3ರಿಂದ ಗುಣಿಸಿ, 20ರಿಂದ ಭಾಗಿಸಿದರೆ 9. ನೂರಕ್ಕೆ 60ರಷ್ಟು ಮಾತ್ರ ಕೆಲಸಕ್ಕೆ ಬಂದರೂ ನಿಮಿಷಕ್ಕೆ 5.4 ಲೀಟರ್. ದಿನಕ್ಕೆ ಸುಮಾರು 7,800 ಲೀಟರ್. ಮನೆಗೆ, ದನಕರುಗಳಿಗೆ, ಕಾಫಿ ನರ್ಸರಿಗೆ ಸಾಕು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡಿಸಲು ಖಂಡಿತ ಸಾಲದು. ಅದನ್ನು ಇದರಿಂದ ಕೇಳಬೇಡಿ.

ಶಾಪಿಗೆ ಹೇಳಬೇಕಾದ ಮುಖ್ಯ ಮಾತು ಒಂದಿದೆ. ಇಳಿಯುವ ಪೈಪು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ್ದು ಆಗಿರಬೇಕು. ಕಪ್ಪು ಪ್ಲಾಸ್ಟಿಕ್ ಪೈಪು ಅಗ್ಗ ಎಂದು ಹಾಕಿದರೆ ಅದು ಹಿಗ್ಗಿ, ನೀರಿನ ಹೊಡೆತವನ್ನು ತಾನೇ ನುಂಗುತ್ತದೆ. ಮೇಲೇರುವ ಪೈಪಿಗೆ ಕಪ್ಪು ಪೈಪು ಸಾಕು. ಇನ್ನು ಡಬ್ಬಿಯ ಗಾಳಿ ನಿಧಾನಕ್ಕೆ ನೀರಿನಲ್ಲಿ ಕರಗಿ ಹೋಗುತ್ತದೆ. ಅದಕ್ಕೆ ಸೈಕಲ್ ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಒಳಗಿಡುವ ಉಪಾಯ ತುಂಬಾ ಕಡೆ ಬಳಕೆಯಲ್ಲಿದೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯ ಪ್ಲಂಬಿಂಗ್ ಅಂಗಡಿಯ ಫಿಟಿಂಗ್‌ಗಳಿಂದಲೇ ಮಾಡುವ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟಿದೆ. ಫಿಲಿಪೈನ್ಸ್‌ನ ನೆಗ್ರೋಸ್ ದ್ವೀಪದಲ್ಲಿ ಐಡ್‌ಫಿ ಎಂಬ ಸಂಸ್ಥೆ ಬಾಗಿಲಿನ ಹಿಂಜ್ ಮತ್ತು ಟೈರ್ ರಬ್ಬರಿನಿಂದ ವಾಲ್ವು ಮಾಡಿ ಗುಡ್ಡದ ಹಳ್ಳಿಗಳಿಗೆ ನೀರು ಏರಿಸಿತು. 2007ರಲ್ಲಿ ಅದಕ್ಕೆ ಆಶ್ಡನ್ ಪ್ರಶಸ್ತಿಯೂ ಬಂತು. ರಬ್ಬರು ಸವೆದರೆ ಊರಿನಲ್ಲೇ ಕತ್ತರಿಸಿ ಹಾಕಿಕೊಳ್ಳಬಹುದು. ನನಗೆ ಈ ಪಂಪಿನಲ್ಲಿ ತುಂಬಾ ಇಷ್ಟವಾದದ್ದು ಅದೇ. ತೋಡಿನ ನೀರನ್ನು ಮಾತ್ರ ಕೆಳಗಿನ ಮನೆಯವರಿಗೆ ಹೇಳಿಯೇ ತಿರುಗಿಸಿ.

ಎರಡನೆಯದು ಕಾಫಿ ಒಣಗಿಸುವ ಮನೆ. ಕುಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು, ಕಣದಲ್ಲಿ ಹರಡಿದ ಕಾಫಿಯನ್ನು ಟಾರ್ಪಾಲ್ ಹಾಕಿ ಮುಚ್ಚಿ, ಅದು ಒಳಗೇ ಬೆವತು ಬೂಷ್ಟು ಹಿಡಿಯುವುದನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಜಿಐ ಪೈಪಿನ ಕಮಾನು, ಮೇಲೆ ಬಿಸಿಲಿಗೆ ಹಾಳಾಗದ 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಶೀಟು, ಒಳಗೆ ನೆಲದಿಂದ ಎತ್ತರದಲ್ಲಿ ಜಾಲರಿ ತಟ್ಟೆಗಳು. ಇದನ್ನು ಯಾವ ವೆಲ್ಡಿಂಗ್ ಶಾಪಿನವರೂ ಮಾಡಬಲ್ಲರು. ಜಾಸ್ತಿ ಜನ ತಪ್ಪುವುದು ಗಾಳಿಯ ವಿಷಯದಲ್ಲಿ. ಒಳಗೆ ಬಿಸಿ ಇರಲಿ ಎಂದು ಎಲ್ಲ ಕಡೆ ಮುಚ್ಚುತ್ತಾರೆ. ಆಗ ಕಾಫಿಯಿಂದ ಎದ್ದ ತೇವ ಶೀಟಿಗೆ ಹತ್ತಿ ಮತ್ತೆ ಕಾಫಿಯ ಮೇಲೇ ತೊಟ್ಟಿಕ್ಕುತ್ತದೆ. ಕೆಳಗಿನಿಂದ ಗಾಳಿ ಬರಲು, ಮೇಲಿನಿಂದ ಹೋಗಲು ದಾರಿ ಇರಲೇಬೇಕು. ಒಳಗೊಂದು ಥರ್ಮಾಮೀಟರ್ ತೂಗುಹಾಕಿ. ಪಾರ್ಚ್‌ಮೆಂಟ್ ಕಾಫಿಗೆ, ಅಂದರೆ ಹಣ್ಣು ಸುಲಿದು ತೊಳೆದ ಕಾಫಿಗೆ, 40 ಡಿಗ್ರಿ ದಾಟಿದರೆ ಒಳ್ಳೆಯದಲ್ಲ. ಕುಯ್ಲು ಮುಗಿದ ಮೇಲೆ ಶೀಟು ಬಿಚ್ಚಿ ಸುತ್ತಿಡಿ. ಜೂನ್, ಜುಲೈ ಗಾಳಿಗೆ ಸಿಲ್ವರ್ ಓಕಿನ ಕೊಂಬೆ ಬಿದ್ದರೆ ಉಳಿಯುವುದಿಲ್ಲ.

ತಟ್ಟೆ, ಕೈಗಾಡಿ, ಒಲೆ, ಮೆಣಸು ಬಿಡಿಸುವ ಯಂತ್ರದ ಚೌಕಟ್ಟು ಇವೂ ಆಗುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಾತ್ರ ಬೇಡ ಎನ್ನುತ್ತೇನೆ. ಹಣ್ಣು ಸುಲಿಯುವ ಭಾಗಗಳ ನಡುವಿನ ಸಂದು ಸ್ವಲ್ಪ ಹೆಚ್ಚು ಕಡಿಮೆಯಾದರೂ ಬೀಜ ಕತ್ತರಿಸುತ್ತದೆ, ಇಲ್ಲವೇ ಹಣ್ಣು ಹಾಗೇ ಹೊರಬರುತ್ತದೆ. ಪಲ್ಪರನ್ನು ಕೊಳ್ಳಿ. ಅದಕ್ಕೆ ಸ್ಟ್ಯಾಂಡು, ಹಾಪರ್, ಪೆಡಲು ಬೇಕಾದರೆ ಇಲ್ಲೇ ಮಾಡಿಸಿ.

ಜೀವಕ್ಕೆ ಕುತ್ತು ತರುವ ಕೆಲವನ್ನು ಮನೆಯಲ್ಲಿ ಮಾಡಲೇಬಾರದು. ಆನೆ ಬೇಲಿಗೆ ಮನೆಯ ಕರೆಂಟಿನಿಂದ ಏನನ್ನೂ ಜೋಡಿಸಬೇಡಿ. ಅದು ಕಾನೂನಿಗೂ ವಿರುದ್ಧ, ಆನೆಗೂ ಮನುಷ್ಯರಿಗೂ ಸಾವು. ಮೆಣಸು ಕುಯ್ಯುವಾಗ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಕೊಡಗಿನಲ್ಲಿ ಕಾರ್ಮಿಕರ ಜೀವ ಹೋಗಿದೆ. ಹೊಸ ಬಗೆಯ ಏಣಿಯ ನಕ್ಷೆ ಎಷ್ಟೇ ಚೆನ್ನಾಗಿದ್ದರೂ ಅದು ಲೋಹದ್ದಾದರೆ ಲೈನ್ ಹಾದುಹೋಗುವ ತೋಟಕ್ಕೆ ತರಬೇಡಿ. ತೋಡಿನ ನೀರಿನಿಂದ ಕರೆಂಟ್ ಮಾಡುವ ಸಣ್ಣ ಟರ್ಬೈನ್ ಹಾಕಿಸಿದರೆ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನನ್ನು ಕಡಿದು ಒಂದೇ ಕಡೆಯ ಕರೆಂಟನ್ನು ಮನೆಗೆ ಬಿಡುವ ಸ್ವಿಚ್) ಇಲ್ಲದೆ ಮನೆಯ ಲೈನಿಗೆ ಕೊಡಬೇಡಿ. ಕರೆಂಟ್ ಇಲ್ಲ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಟರ್ಬೈನಿನ ಕರೆಂಟ್ ಹೊಡೆಯುತ್ತದೆ.

ಹೊರದೇಶದ ನಕ್ಷೆಯನ್ನು ಹಾಗೇ ನಂಬುವಂತಿಲ್ಲ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿ ನಿಮಿಷಕ್ಕೆ ಸುಮಾರು 1,740 ಸುತ್ತು ತಿರುಗುವ ಬಗೆಯ ಮೋಟಾರು ಇಲ್ಲಿ 1,440 ಸುತ್ತು ತಿರುಗುತ್ತದೆ. ನಕ್ಷೆಯಲ್ಲಿ ಮೋಟಾರಿಗೆ 3 ಇಂಚಿನ ಪುಲ್ಲಿ ಇದ್ದರೆ ಇಲ್ಲಿ ಸುಮಾರು 3.6 ಇಂಚಿನದ್ದು ಹಾಕಬೇಕು. ಇಲ್ಲದಿದ್ದರೆ ಯಂತ್ರ ನಿಧಾನವಾಗುತ್ತದೆ. ಬೋಲ್ಟಿನ ಥ್ರೆಡ್ಡೂ ಬೇರೆ. ದೊಡ್ಡ ಹೆಸರು ನೋಡಿಯೂ ಮರುಳಾಗಬೇಡಿ. ಮಾರ್ಚಿನ್ ಜಾಕುಬೋವ್ಸ್ಕಿ ಎಂಬವರು 2003ರಲ್ಲಿ ಶುರು ಮಾಡಿದ ಓಪನ್ ಸೋರ್ಸ್ ಇಕಾಲಜಿ ಎಂಬ ಸಂಸ್ಥೆ ಊರೊಂದಕ್ಕೆ ಬೇಕಾದ 50 ಯಂತ್ರಗಳ ನಕ್ಷೆಯನ್ನು ಎಲ್ಲರಿಗೂ ಕೊಡುವ ಗುರಿ ಇಟ್ಟುಕೊಂಡಿತು. ತುಂಬಾ ದೊಡ್ಡ ಮನಸ್ಸಿನ ಕೆಲಸ. ಆದರೆ ಟ್ರ್ಯಾಕ್ಟರ್, ಮಣ್ಣಿನ ಇಟ್ಟಿಗೆ ಒತ್ತುವ ಯಂತ್ರದಂಥ ಕೆಲವು ಮಾತ್ರ ಚೆನ್ನಾಗಿ ಮುಂದೆ ಬಂದವು. ಹಾಗಾಗಿ ನಕ್ಷೆ ಸಿಕ್ಕಿದಾಗ ಅದನ್ನು ಮಾಡಿದವರಲ್ಲದೆ ಬೇರೆ ಯಾರಾದರೂ ಮಾಡಿ ಬಳಸಿದ್ದಾರಾ ಎಂದು ಹುಡುಕಿ.

ಅಗ್ಗವಾ ಎಂದರೆ, ಒಂದೇ ಮಾಡಿಸಿದರೆ ಎಷ್ಟೋ ಸಲ ಅಲ್ಲ. ಕಬ್ಬಿಣದ ತೂಕ, ಕೂಲಿ, ಲೇತ್ ಕೆಲಸ, ಮೈಸೂರಿನಿಂದ ತಗಡು ಕತ್ತರಿಸಿ ತರುವ ಬಾಡಿಗೆ ಸೇರಿಸಿ. ಮೊದಲ ಯಂತ್ರವನ್ನು ಒಮ್ಮೆಯಾದರೂ ಬಿಚ್ಚಿ ತಿದ್ದಬೇಕಾಗುತ್ತದೆ, ಅದರ ಖರ್ಚನ್ನೂ ಇಡಿ. ಸಬ್ಸಿಡಿ ಬೇಕೆಂದರೆ ಇಲಾಖೆ ಒಪ್ಪಿದ ಮಾಡೆಲ್ ಆಗಿರಬೇಕು, ಊರಿನಲ್ಲಿ ಮಾಡಿಸಿದ್ದಕ್ಕೆ ಅದು ಸಿಗುವುದು ಕಷ್ಟ. ಲಾಭ ಕಾಣುವುದು ನಾಲ್ಕೈದು ಮನೆಯವರು ಸೇರಿದಾಗ. ಒಕ್ಕದವರೇ, ಅಂದರೆ ಒಂದೇ ಮನೆತನದವರೇ, ಸೇರಬಹುದು, ಸ್ತ್ರೀಶಕ್ತಿ ಸಂಘ ಆಗಬಹುದು, ಸಹಕಾರ ಸಂಘವೂ ಆಗಬಹುದು. ಐದು ಯಂತ್ರ ಒಟ್ಟಿಗೆ ಹೇಳಿದರೆ ಶಾಪಿನವರೂ ಅಳತೆಯ ಅಚ್ಚು ಮಾಡಿಟ್ಟುಕೊಳ್ಳುತ್ತಾರೆ. ಫ್ರಾನ್ಸಿನ ಲಾತ್ಲಿಯೇ ಪೇಯ್ಸಾಂ ಎಂಬ ರೈತರ ಸಹಕಾರ ಸಂಸ್ಥೆಯಲ್ಲಿ ರೈತರೇ ತರಬೇತಿಗೆ ಬಂದು, ವೆಲ್ಡಿಂಗ್ ಕಲಿತು, ತಮ್ಮ ಉಪಕರಣವನ್ನು ತಾವೇ ಕಟ್ಟುತ್ತಾರೆ. ಪುಣೆ ಹತ್ತಿರದ ಪಾಬಳದಲ್ಲಿ ಎಸ್.ಎಸ್. ಕಲ್ಬಾಗ್ ಅವರು 1983ರಲ್ಲಿ ಶುರು ಮಾಡಿದ ವಿಜ್ಞಾನ ಆಶ್ರಮದಲ್ಲಿ ಹಳ್ಳಿಯ ಹುಡುಗರು ಊರಿಗೆ ಬೇಕಾದ್ದನ್ನು ಮಾಡುತ್ತಲೇ ಕಲಿಯುತ್ತಾರೆ. ಕುಶಾಲನಗರದಲ್ಲಿ ಪಾಲಿಟೆಕ್ನಿಕ್ ಇದೆ, ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ನಿಮ್ಮ ತೋಡಿನ ಅಳತೆ ಹಿಡಿದುಕೊಂಡು ಹೋಗಿ ಮಕ್ಕಳ ಪ್ರಾಜೆಕ್ಟಿಗೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ಸುಮ್ನೆ ಕೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಹಂಚಿಕೊಳ್ಳುವ ಅಭ್ಯಾಸ ಕೊಡಗಿಗೆ ಇದ್ದೇ ಇದೆ. ಮಾರ್ಚಿನಲ್ಲಿ ಹೂಮಳೆ ಬಿದ್ದ ಸಂಜೆ "ನಿಮ್ಮಲ್ಲಿ ಎಷ್ಟು ಸೆಂಟ್?" ಎಂದು ತೋಟದಿಂದ ತೋಟಕ್ಕೆ ಫೋನ್ ಹೋಗುತ್ತದೆ. ಇಂಚಿನ ನೂರನೇ ಭಾಗದ ಲೆಕ್ಕವನ್ನೂ ಬರೆದಿಟ್ಟು ಎಲ್ಲರಿಗೂ ಹೇಳುವವರು ಯಂತ್ರದ ವಿಷಯವನ್ನೂ ಹೇಳಬಲ್ಲರು. ಕನ್ನಡದಲ್ಲಿ ಇಂಥ ನಕ್ಷೆ ತೀರಾ ಕಡಿಮೆ. ಇಂಗ್ಲಿಷ್ ಕಾಗದ ಕೊಟ್ಟರೆ ವೆಲ್ಡರ್ ಚಿತ್ರ ನೋಡಿ ಮಾಡುತ್ತಾರೆ, ಪಕ್ಕದ ಟಿಪ್ಪಣಿ ಬಿಟ್ಟುಹೋಗುತ್ತದೆ. ಎಚ್ಚರಿಕೆಯ ಮಾತು ಇರುವುದು ಅಲ್ಲೇ. ಆದ್ದರಿಂದ ಶಾಪಿಗೆ ಕೊಡುವ ಮುಂಚೆ ಟಿಪ್ಪಣಿಗಳನ್ನು ಕನ್ನಡದಲ್ಲಿ ನಕ್ಷೆಯ ಮೇಲೆಯೇ ಬರೆಯಿರಿ. ಒಂದು ವರ್ಷ ಓಡಿಸಿದ ಮೇಲೆ ಇನ್ನಷ್ಟು ಸೇರಿಸಿ: ಯಾವ ಸಾಮಾನು ಎಲ್ಲಿ ಸಿಕ್ಕಿತು, ಯಾವ ತಿಂಗಳು ಏನು ಕೆಟ್ಟಿತು, ಯಾವ ಅಳತೆ ಬದಲಿಸಿದಿರಿ. ಮೊದಲು ರೂಪಿಸಿದವರ ಹೆಸರನ್ನು ಮೇಲ್ಗಡೆ ಹಾಗೇ ಉಳಿಸಿ, ಫೋಟೊ ತೆಗೆದು ಪಕ್ಕದ ತೋಟದವರಿಗೆ ಕಳಿಸಿ.