ಓತಿಕ್ಯಾತಕ್ಕೂ ಜ್ವರ ಬೇಕು

ಮಳೆಗಾಲ ಶುರುವಾದರೆ ತೀರ್ಥಹಳ್ಳಿ ಕಡೆಯ ನನ್ನ ಕ್ಲಿನಿಕ್ಕಿನ ಬೆಂಚು ಖಾಲಿ ಇರುವುದಿಲ್ಲ. ಹೋದ ಜುಲೈನಲ್ಲಿ ಒಬ್ಬ ತಾಯಿ ಐದು ವರ್ಷದ ಮಗನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದರು. ಮೈ ಕಾದ ಕಾವಲಿ, ಆದರೂ ಹುಡುಗ ಚಳಿ ಚಳಿ ಅಂತ ಹಲ್ಲು ಕಟಕಟಿಸುತ್ತಿದ್ದ. 'ಒಂದು ಇಂಜೆಕ್ಷನ್ ಹಾಕ್ಬಿಡಿ ಡಾಕ್ಟ್ರೇ, ಜ್ವರ ಇಳಿದ್ರೆ ಸಾಕು' ಅಂದರು.

ಮೈ ಸುಡುತ್ತಿರುವಾಗ ಚಳಿ ಯಾಕೆ? ಮೈಯ ಬಿಸಿ ಎಷ್ಟಿರಬೇಕು ಅಂತ ಗೊತ್ತುಮಾಡುವ ಜಾಗ ಮೆದುಳಿನಲ್ಲಿದೆ. ಸೋಂಕು ತಗುಲಿದಾಗ ಅದು 98 ಡಿಗ್ರಿ ಫ್ಯಾರನ್‌ಹೀಟ್ ಸಾಲದು, 102 ಬೇಕು ಅನ್ನುತ್ತದೆ. ಅಷ್ಟಕ್ಕೆ ಏರುವ ತನಕ ಮೈ ನಡುಗಿ ನಡುಗಿ ಬಿಸಿ ಹುಟ್ಟಿಸುತ್ತದೆ, ಕಂಬಳಿ ಕೇಳುತ್ತದೆ. ಜ್ವರ ಬರಿಸುವುದು ರೋಗಾಣು ಅಲ್ಲ, ನಮ್ಮ ಮೈಯೇ.

ಇದಕ್ಕೆ ನನಗೆ ಇಷ್ಟವಾದ ಪುರಾವೆ ಒಂದು ಹಲ್ಲಿಯದು. ಅಮೆರಿಕದ ಮರಳುಗಾಡಿನ ಇಗುವಾನಾ, ನಮ್ಮ ಬೇಲಿ ಮೇಲೆ ತಲೆ ಆಡಿಸುವ ಓತಿಕ್ಯಾತದ ದೂರದ ನೆಂಟ. ಅದಕ್ಕೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳಲು ಬರುವುದಿಲ್ಲ. ಸೋಂಕು ತಗುಲಿದರೆ ಹೆಚ್ಚು ಬಿಸಿ ಇರುವ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ! ವಿಜ್ಞಾನಿ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು 1975ರಲ್ಲಿ ಸೋಂಕು ತಗುಲಿಸಿದ ಇಂಥ ಹಲ್ಲಿಗಳನ್ನು 34ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗೆ ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಿದರು. ಬಿಸಿಯಲ್ಲಿದ್ದವು ಹೆಚ್ಚು ಉಳಿದವು, ತಂಪಿನಲ್ಲಿದ್ದವು ಹೆಚ್ಚು ಸತ್ತವು.

ಜ್ವರ ಪುಕ್ಕಟೆ ಬರುವುದಿಲ್ಲ. ಒಂದು ಡಿಗ್ರಿ ಸೆಲ್ಸಿಯಸ್ ಏರಲು ನಮ್ಮ ಮೈ ಸುಮಾರು ಶೇಕಡಾ 10ರಷ್ಟು ಜಾಸ್ತಿ ಶಕ್ತಿ ಸುಡಬೇಕು. ಇಷ್ಟು ಖರ್ಚಿನ ಗುಣ ಹಲ್ಲಿಯಲ್ಲೂ ಮನುಷ್ಯನಲ್ಲೂ ಉಳಿದು ಬಂದಿದೆ ಅಂದರೆ ಅದರಿಂದ ಏನೋ ಲಾಭ ಇರಲೇಬೇಕು ಅಲ್ವಾ? ಕಾಯಿಲೆಯನ್ನು ಹೀಗೆ ಜೀವವಿಕಾಸದ ಕಡೆಯಿಂದ ನೋಡಿ ಅಂತ ಜೀವವಿಜ್ಞಾನಿ ಜಾರ್ಜ್ ವಿಲಿಯಮ್ಸ್, ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ 1991ರಲ್ಲೇ ವೈದ್ಯರಿಗೆ ಹೇಳಿದ್ದರು. ನಾನು ಓದುವಾಗ ಇದನ್ನು ಯಾರೂ ಕಲಿಸಲಿಲ್ಲ.

ಹಾಗಂತ ಪ್ರತಿ ಜ್ವರವೂ ಅಷ್ಟು ಏರಲೇಬೇಕು ಅಂತಿಲ್ಲ. ಅಂಗಳದಲ್ಲಿ ಅಡಿಕೆ ಹರವಿದಾಗ ಕಾಯುವ ನಾಯಿ ಬೆಕ್ಕು ಹಾದರೂ ಬೊಗಳುತ್ತದೆ. ಹತ್ತು ಸಲ ಸುಮ್ನೆ ಬೊಗಳಿದರೆ ನಿದ್ದೆ ಕೆಡುತ್ತದೆ, ಅಷ್ಟೇ. ಕಳ್ಳ ಬಂದ ದಿನ ಒಂದೇ ಸಲ ಸುಮ್ಮನಿದ್ದರೆ ವರ್ಷದ ಫಸಲೇ ಹೋಯಿತು. ಮೈಯೂ ಹಾಗೇ, ಸಣ್ಣ ಸೋಂಕಿಗೂ ಜೋರಾಗಿಯೇ ಏಳುತ್ತದೆ. ಅದಕ್ಕೇ ಎಷ್ಟೋ ಸಲ ಜ್ವರ ಸ್ವಲ್ಪ ಇಳಿಸಿದರೆ ತೊಂದರೆಯಾಗುವುದಿಲ್ಲ. ಮಗು ನೀರು, ಗಂಜಿ ಮುಟ್ಟದಷ್ಟು ಸುಸ್ತಾಗಿದ್ದರೆ ಪ್ಯಾರಾಸಿಟಮಾಲ್ ನಾನೇ ಬರೆದುಕೊಡುತ್ತೇನೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಾತ್ರ ಈ ಲೆಕ್ಕಾಚಾರವೆಲ್ಲ ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.

ನನ್ನ ಜಗಳ ಔಷಧಿ ಮೇಲಲ್ಲ, 'ಇಳಿಯಿತು, ವಾಸಿಯಾಯಿತು' ಅನ್ನುವ ಮಾತಿನ ಮೇಲೆ. ಪ್ರಾಕ್ಟೀಸಿನ ಮೊದಲ ವರ್ಷ ನಾನೂ ಹಾಗೇ ನಂಬಿದ್ದೆ. ಕೊನೆಕೊಯ್ಲಿನ ಆಳೊಬ್ಬರಿಗೆ ಸೂಜಿ ಹಾಕಿ ಕಳಿಸಿದೆ. ಜ್ವರ ಇಳಿಯಿತು, ಅವರು ಮಾರನೇ ದಿನವೇ ತೋಟಕ್ಕೆ ಹೋದರು. ನಾಲ್ಕನೇ ದಿನ ಹೊತ್ತುಕೊಂಡು ಬಂದರು. ನೋಡಿದರೆ ಇಲಿಜ್ವರ, ಕಣ್ಣೆಲ್ಲ ಹಳದಿ. ಬದುಕಿದರು, ನನ್ನ ಪುಣ್ಯ.

ಮೈಯ ಈ ಹಳೇ ವಿದ್ಯೆ ಎಲ್ಲ ಕಡೆ ಸಾಕಾಗುವುದಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯನ್ನೇ ನೋಡಿ. ವೈರಸ್ಸಿನ ದಿನ ಸಾಗುತ್ತಿರುವುದು ಉಣುಗು ಮತ್ತು ಕಾಡಿಲಿಯಂಥ ಸಣ್ಣ ಪ್ರಾಣಿಗಳ ನಡುವೆ. ಉಣುಗು ಕಚ್ಚಿದರೆ ಮಂಗಕ್ಕೂ ನಮಗೂ ತಗಲುತ್ತದೆ, ಆದರೆ ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ನಾವು ಅದಕ್ಕೆ ಮುಂದೆ ದಾರಿ ಇಲ್ಲದ ಓಣಿ. 'ಕಾಯಿಲೆ ಹಳೆಯದಾದಷ್ಟೂ ಮೆತ್ತಗಾಗುತ್ತೆ' ಅನ್ನುವವರಿದ್ದಾರೆ. ನಾವು ಉಳಿದರೂ ಸತ್ತರೂ ವೈರಸ್ಸಿಗೆ ಲಾಭ ನಷ್ಟ ಎರಡೂ ಇಲ್ಲದಿರುವಾಗ ಅದು ಯಾಕೆ ಮೆತ್ತಗಾಗಬೇಕು? ಈ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಪೂರ್ತಿ ಬಿಟ್ಟು, ಒಂದೆರಡು ವಾರ ಕಳೆದ ಮೇಲೆ ತಲೆನೋವು, ನಡುಕ, ಗೊಂದಲದ ಜೊತೆ ಮತ್ತೆ ಬರುತ್ತದೆ. ರಕ್ತಸ್ರಾವದ ಭಯ ಇರುವುದರಿಂದ ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಅಂಗಡಿಯಿಂದ ತಂದು ನುಂಗುವುದೂ ಅಪಾಯ.

ಆ ಜುಲೈಯ ಹುಡುಗನಿಗೆ ಸೂಜಿ ಬೇಕಾಗಲಿಲ್ಲ. ತಾಯಿ ಮುಖ ಸಣ್ಣದು ಮಾಡಿಕೊಂಡೇ ಹೋದರು. ಆದರೆ ಡಿಸೆಂಬರ್ ದಾಟಿ ಮೇ ಬರುವ ತನಕ, ಥರ್ಮಾಮೀಟರ್ ಇಡುವ ಮೊದಲೇ ನಾನು ಕೇಳುವುದು ಬೇರೆ: 'ತರಗೆಲೆ ತರೋಕೆ ಕಾಡಿಗೆ ಹೋಗಿದ್ರಾ? ಆ ಕಡೆ ಮಂಗ ಏನಾದ್ರೂ ಸತ್ತು ಬಿದ್ದಿತ್ತಾ?'