500 ರೂಪಾಯಿಗೆ ಯಾರೂ ಕೆಲಸ ಬಿಡುವುದಿಲ್ಲ

ಪ್ರಶ್ನೆ: ಸರ್, ಮೈಸೂರಿನ ಹೂಟಗಳ್ಳಿಯಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಹುಡುಗರು ನಿಲ್ಲೋದೇ ಇಲ್ಲ. ಪಕ್ಕದವರು 500 ರೂಪಾಯಿ ಜಾಸ್ತಿ ಅಂದರೆ ಸಾಕು, ಮಾರನೇ ದಿನ ಅಲ್ಲಿರುತ್ತಾರೆ. ಈಗಿನವರಿಗೆ ದುಡ್ಡೊಂದೇ ಮುಖ್ಯವಾ?

ಉತ್ತರ: ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕಡಕೊಳದಿಂದ ಕೇಳುತ್ತಾರೆ, ನಂಜನಗೂಡಿನಿಂದ ಕೇಳುತ್ತಾರೆ, ಮಂಡ್ಯದ ತೂಬಿನಕೆರೆಯಿಂದಲೂ ಕೇಳುತ್ತಾರೆ. ಊರು ಬದಲಾದರೂ ಆ 500 ಮಾತ್ರ ಬದಲಾಗುವುದಿಲ್ಲ. ನಾನು ಕಾರ್ಖಾನೆಯ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿಗೆ ಸೇರಿದ ದಿನಗಳಲ್ಲೂ 500 ಅಂತಲೇ ಹೇಳುತ್ತಿದ್ದರು. ಅಷ್ಟು ವರ್ಷದಿಂದ ಒಂದೇ ಸಂಖ್ಯೆ ಓಡಾಡುತ್ತಿದೆ ಅಂದರೆ ಅದನ್ನು ಯಾರೂ ಲೆಕ್ಕ ಹಾಕಿ ನೋಡಿಲ್ಲ ಅಂತಲೇ ಅರ್ಥ.

ಹಾಕಿ ನೋಡೋಣ. ತಿಂಗಳಿಗೆ 26 ದಿನದ ಕೆಲಸ. 500 ರೂಪಾಯಿಯನ್ನು 26ರಿಂದ ಭಾಗಿಸಿದರೆ ದಿನಕ್ಕೆ 19 ರೂಪಾಯಿ ಚಿಲ್ಲರೆ. ಇನ್ನು ಕೆಲಸ ಬಿಟ್ಟವನು ಕಳೆದುಕೊಳ್ಳುವುದನ್ನು ನೋಡಿ. ಹಳೆಯದು ಬಿಟ್ಟು ಹೊಸದು ಸೇರುವ ಮಧ್ಯೆ ನಾಲ್ಕೈದು ದಿನದ ಕೂಲಿ ಹೋಗುತ್ತದೆ. ಮೊದಲ ಸಂಬಳಕ್ಕೆ ಮತ್ತೆ ತಿಂಗಳು ಕಾಯಬೇಕು. ಗ್ರಾಚ್ಯುಟಿಗೆ, ಅಂದರೆ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಇಡುಗಂಟಿಗೆ, ಬೇಕಾದ 5 ವರ್ಷದ ಎಣಿಕೆ ಮೊದಲಿಂದ ಶುರು. ಹೊಸ ಸೂಪರ್‌ವೈಸರ್ ಹೇಗೋ ಏನೋ ಗೊತ್ತಿಲ್ಲ. ದಿನಕ್ಕೆ 19 ರೂಪಾಯಿಗೆ ಇಷ್ಟೆಲ್ಲ ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? ಸಂಘದ ಕಂತು, ಚೀಟಿ, ಮಕ್ಕಳ ಫೀಸು ಎಲ್ಲವನ್ನೂ ಅದೇ ಸಂಬಳದಲ್ಲಿ ತೂಗಿಸುವ ಜನ ಇವರು. ನಮಗಿಂತ ಚೆನ್ನಾಗಿ ಲೆಕ್ಕ ಬರುತ್ತದೆ.

ಹಾಗಾದರೆ ಎಲ್ಲರೂ "ಸಂಬಳ ಸಾಲದು" ಅಂತಲೇ ಬರೆದುಕೊಟ್ಟು ಹೋಗುತ್ತಾರಲ್ಲ ಅಂತೀರಿ. ಹೌದು, ಬರೆಯುತ್ತಾರೆ. ಯಾಕೆಂದರೆ ಯಾರಿಗೂ ನೋವಾಗದ ಕಾರಣ ಅದೊಂದೇ. ಲೈನಿನಲ್ಲಿ ಎಲ್ಲರೆದುರು ಬೈದರು, ಟಾಯ್ಲೆಟ್‌ಗೆ ಹೋದರೆ ನಿಮಿಷ ಎಣಿಸಿದರು ಅಂತ ಬರೆದರೆ ಬಾಕಿ ಸಂಬಳ ಬೇಗ ಕೈಗೆ ಬರುತ್ತದಾ? ನಾಳೆ ಇದೇ ಗೇಟಿಗೆ ಮತ್ತೆ ಬರಬೇಕಾಗಬಹುದು. ಅದಕ್ಕೆ ಸುಮ್ನೆ "ಸಂಬಳ" ಅಥವಾ "ಸ್ವಂತ ಕಾರಣ" ಅಂತ ಬರೆದು ಕೈ ಮುಗಿದು ಹೋಗುತ್ತಾರೆ. ನಾವು ಆ ಫಾರಂಗಳನ್ನೇ ಒಟ್ಟು ಮಾಡಿ ಮೀಟಿಂಗಿನಲ್ಲಿ ಓದುತ್ತೇವೆ.

ಇನ್ನೊಂದು ಸಂಗತಿ. ಕೆಲಸ ಬದಲಿಸಿದವರ ಸಂಬಳ ಹೊಸ ಕಡೆ ಸ್ವಲ್ಪ ಜಾಸ್ತಿಯೇ ಇರುತ್ತದೆ. ಕಡಿಮೆಗೆ ಯಾರು ಹೋಗುತ್ತಾರೆ? ಮದುವೆಗೆ ಹೋದವರೆಲ್ಲ ಊಟ ಮಾಡಿಕೊಂಡೇ ಬರುತ್ತಾರೆ. ಹಾಗಂತ ಊಟಕ್ಕೇ ಹೋಗಿದ್ದರು ಅನ್ನಬಹುದಾ? ಬಿಡಬೇಕು ಅನ್ನುವುದು ಮನಸ್ಸಿನಲ್ಲಿ ಮೊದಲೇ ಆಗಿರುತ್ತದೆ. 500 ರೂಪಾಯಿ ಆಮೇಲೆ ಸಿಕ್ಕ ನೆಪ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಕಾರ್ಖಾನೆಯಲ್ಲಿ ಪಾಂಡವಪುರ ಕಡೆಯ ಹುಡುಗಿಯೊಬ್ಬಳಿದ್ದಳು. ಒಳ್ಳೆಯ ಟೈಲರ್. ಒಂದು ದಿನ ಬಿಟ್ಟಳು. ಫಾರಂನಲ್ಲಿ "ಸಂಬಳ" ಅಂತ ನಾನೇ ತುಂಬಿದೆ. ಅವಳು ತಲೆಯಾಡಿಸಿದಳು, ನಾನು ಮುಂದೆ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ. "ಶಿಫ್ಟ್ ಬಿಡೋ ಟೈಮು ಅರ್ಧ ಗಂಟೆ ತಡ ಮಾಡಿದ್ರಲ್ಲ ಸರ್, ನಮ್ಮೂರ ಕೊನೇ ಬಸ್ಸು ತಪ್ಪೋಗ್ತಿತ್ತು. ದಿನಾ ಅಣ್ಣ ಬೈಕ್‌ನಲ್ಲಿ ಬಂದು ಕರ್ಕೊಂಡೋಗ್ತಿದ್ದ. ಅವನು ಬೆಂಗಳೂರಿಗೆ ಹೋದ್ಮೇಲೆ ನಾನೇನ್ ಮಾಡ್ಲಿ?" ಅಂದಳು. ಅರ್ಧ ಗಂಟೆ. ಅಷ್ಟೇ ಕಾರಣ. ಆ ಅರ್ಧ ಗಂಟೆಯ ನೋಟಿಸಿಗೆ ಸೀಲು ಹಾಕಿ ಬೋರ್ಡಿಗೆ ಅಂಟಿಸಿದವನು ನಾನೇ. ಅವತ್ತಿನಿಂದ ಬಿಟ್ಟುಹೋದವರನ್ನು ತಿಂಗಳಾದ ಮೇಲೆ, ಗೇಟಿನ ಆಚೆ ಮಾತಾಡಿಸುವುದನ್ನು ರೂಢಿ ಮಾಡಿಕೊಂಡೆ. ನಿಮಗೂ ಅದನ್ನೇ ಹೇಳುತ್ತೇನೆ. ಬಾಕಿ ದುಡ್ಡು ಕೈಗೆ ಬಂದ ಮೇಲೆ ಜನ ನಿಜ ಹೇಳುತ್ತಾರೆ.

ಅವರು ಹೇಳಿದ್ದರಲ್ಲಿ ಮತ್ತೆ ಮತ್ತೆ ಬಂದದ್ದು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ಹೋಯಿತು. ದೂರದ ಕಾರ್ಖಾನೆಯೂ ಕೈಗೆಟುಕಿತು. ಈಗ ಅವರು ನೋಡುವುದು ಸಮಯ. ಮನೆಗೆ ಎಷ್ಟು ಹೊತ್ತಿಗೆ ಸೇರುತ್ತೇನೆ, ಇಳಿದ ಮೇಲೆ ಎಷ್ಟು ದೂರ ಕತ್ತಲಲ್ಲಿ ನಡೆಯಬೇಕು.

ಇನ್ನು ಟೆಂಪೋ. ಒಂದೇ ಊರಿನ ಆರೇಳು ಜನ ಒಟ್ಟಿಗೆ ಬಿಟ್ಟರೆ ಮಾಲೀಕರು "ಯಾರೋ ತಲೆ ಕೆಡಿಸಿದ್ದಾರೆ" ಅಂತಾರೆ. ಅವರು ಬರುವ ಟೆಂಪೋ ಲೆಕ್ಕ ಕೇಳಿ ನೋಡಿ. ಹನ್ನೆರಡು ಜನ ಹಂಚಿಕೊಳ್ಳುತ್ತಿದ್ದ ಬಾಡಿಗೆಯನ್ನು ಐದು ಜನ ಬಿಟ್ಟ ಮೇಲೆ ಏಳು ಜನ ಕೊಡಬೇಕು. ಉಳಿದವರು ಎಷ್ಟು ದಿನ ಕೊಟ್ಟಾರು?

ಸಂಬಳದ ವಿಷಯದಲ್ಲೂ ಮೊತ್ತಕ್ಕಿಂತ ತಾರೀಖು ಜಾಸ್ತಿ ಕಾಡುತ್ತದೆ. 7ನೇ ತಾರೀಖು ಬರಬೇಕಾದದ್ದು 15ಕ್ಕೆ ಬಂದರೆ ಸಂಘದ ವಾರದ ಕಂತು ನಿಲ್ಲುತ್ತದೆ, ಅಕ್ಕಪಕ್ಕದವರ ಮುಂದೆ ಮರ್ಯಾದೆ ಹೋಗುತ್ತದೆ. ಇಂಥವರು 500 ಕಡಿಮೆಯಾದರೂ ಸರಿ ಅಂತ ತಾರೀಖು ತಪ್ಪದ ಕಡೆ ಹೋದದ್ದನ್ನು ನಾನೇ ನೋಡಿದ್ದೇನೆ.

ಐಟಿಐ ಮುಗಿಸಿದ ಹುಡುಗರದು ಬೇರೆ ಕಥೆ. ಕಂಟ್ರಾಕ್ಟ್ ಮೇಲೆ ಸೇರುತ್ತಾರೆ, ಪರ್ಮನೆಂಟ್ ಆಗುತ್ತೇವೆ ಅಂತ ನಂಬಿರುತ್ತಾರೆ. ನಾಲ್ಕು ವರ್ಷ ಹಳಬನ ಕೊರಳಲ್ಲೂ ಅದೇ ಕಂಟ್ರಾಕ್ಟ್ ಕಾರ್ಡ್ ನೋಡಿದ ದಿನ ಆ ನಂಬಿಕೆ ಮುಗಿಯುತ್ತದೆ. 240 ದಿನ ತುಂಬಿದರೆ ಕಾನೂನಿನಲ್ಲಿ ಒಂದು ವರ್ಷದ ಸರ್ವಿಸ್ ಅಂತ ಲೆಕ್ಕ, ಹಾಗಾಗಿ ಕೆಲವು ಕಡೆ ಅದು ತುಂಬುವ ಮೊದಲೇ "ಬ್ರೇಕ್" ಕೊಟ್ಟು ಕಳಿಸುತ್ತಾರೆ. ನಾವೇ ಬಿಡಿಸಿ, ಅವರು ನಿಲ್ಲುವುದಿಲ್ಲ ಅನ್ನುವುದು ನ್ಯಾಯವಲ್ಲ.

ಕಾಲವೂ ನೋಡಿ. ಸೇರಿದ ಮೊದಲ ಮೂರು ತಿಂಗಳಲ್ಲಿ ಬಿಡುವವರೇ ಜಾಸ್ತಿ. ಆಮೇಲೆ ಆಯುಧಪೂಜೆ ಬೋನಸ್ ಕೈಗೆ ಬಂದ ಮೇಲೆ. ಮಂಡ್ಯ ಕಡೆಯಾದರೆ ನಾಲೆಗೆ ನೀರು ಬಿಟ್ಟ ವಾರ. ನಾಟಿಗೆ ಎಂಟು ದಿನ ರಜೆ ಕೇಳುತ್ತಾರೆ, ಕೊಡುವುದಿಲ್ಲ, ಹೇಳದೆ ಹೋಗುತ್ತಾರೆ. ವಾಪಸ್ ಬಂದರೆ ಬೈಗುಳ ಕಾದಿರುತ್ತದೆ ಅಂತ ಪಕ್ಕದ ಗೇಟಿಗೆ ಹೋಗುತ್ತಾರೆ. ಎಂಟು ದಿನದ ರಜೆ ಉಳಿಸಲು ಹೋಗಿ ಕೆಲಸ ಕಲಿತ ಕೈಯನ್ನೇ ಕಳೆದುಕೊಂಡಿರಿ, ಅಲ್ವಾ?

ದುಡ್ಡು ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಫೋರ್ಡ್ ಕಂಪನಿಯಲ್ಲಿ 1913ರಲ್ಲಿ ಕೆಲಸ ಬಿಡುವವರ ಪ್ರಮಾಣ ವರ್ಷಕ್ಕೆ 370% ಇತ್ತು. ಅಂದರೆ 100 ಜನರ ಜಾಗ ತುಂಬಿಸಿಕೊಂಡಿರಲು ವರ್ಷಕ್ಕೆ 370 ಜನರನ್ನು ಸೇರಿಸಬೇಕು. ಚಲಿಸುವ ಅಸೆಂಬ್ಲಿ ಲೈನ್ ಬಂದದ್ದೂ ಅದೇ ವರ್ಷ. ದಿನವಿಡೀ ಒಂದೇ ಕೆಲಸ, ಜನಕ್ಕೆ ಸಾಕಾಗಿತ್ತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಅಂತ ಘೋಷಿಸಿದರು, ಬಿಡುವವರು ಬಹಳ ಕಡಿಮೆಯಾದರು. ಆದರೆ ಅದು ಹಿಂದಿನ ಕೂಲಿಯ ಎರಡರಷ್ಟು. ಜೊತೆಗೆ ಕೆಲಸದ ಹೊತ್ತನ್ನು 9 ಗಂಟೆಯಿಂದ 8ಕ್ಕೆ ಇಳಿಸಿದ್ದರು. ನೀವು ಎರಡರಷ್ಟು ಕೊಡುವುದಾದರೆ ಕೊಡಿ, ಖಂಡಿತ ನಿಲ್ಲುತ್ತಾರೆ. ಆಗದಿದ್ದರೆ ಬಸ್ಸಿನ ಟೈಮು ನೋಡಿ, ಸೂಪರ್‌ವೈಸರ್ ಬಾಯಿ ನೋಡಿ, ಸಂಬಳದ ತಾರೀಖು ನೋಡಿ. ಇವಕ್ಕೆ ಅಷ್ಟು ಖರ್ಚಿಲ್ಲ.

ಈಗ ಯಾರೂ ಕೇಳದ, ಆದರೆ ನನಗೆ ಹೇಳದೆ ಇರಲಾಗದ ವಿಷಯ. ಇದು ಕೆಲಸ ಬಿಡುವವರಿಗೆ. ಪ್ರತಿ ಸಲ ಬಿಟ್ಟಾಗಲೂ ಪಿಎಫ್ ಪೂರ್ತಿ ತೆಗೆಯಬೇಡಿ. ಪಿಎಫ್ ದುಡ್ಡು ತೆಗೆಯುವ ಫಾರಂ 19ರ ಜೊತೆ ಫಾರಂ 10ಸಿ ಹಾಕಿ ಪೆನ್ಷನ್ ಭಾಗವನ್ನೂ ತೆಗೆದುಬಿಟ್ಟರೆ ಅಲ್ಲಿಯವರೆಗಿನ ಸರ್ವಿಸ್ ಅಳಿಸಿಹೋಗುತ್ತದೆ. ಪೆನ್ಷನ್‌ಗೆ ಒಟ್ಟು 10 ವರ್ಷದ ಸರ್ವಿಸ್ ಬೇಕು. ಅದು ಒಂದೇ ಕಾರ್ಖಾನೆಯಲ್ಲಿ ಆಗಬೇಕಿಲ್ಲ, ನಾಲ್ಕು ಕಡೆಯದು ಸೇರಿದರೂ ಆಯಿತು. ಎರಡೆರಡು ವರ್ಷಕ್ಕೊಮ್ಮೆ ಬದಲಿಸುತ್ತ, ಬದಲಿಸಿದಾಗಲೆಲ್ಲ ತೆಗೆಯುತ್ತ, ಇಪ್ಪತ್ತು ವರ್ಷ ಮೆಷಿನ್ ತುಳಿದೂ 58ನೇ ವಯಸ್ಸಿಗೆ ಒಂದು ರೂಪಾಯಿ ಪೆನ್ಷನ್ ಇಲ್ಲದ ಹೆಣ್ಣುಮಕ್ಕಳು ನಮ್ಮಲ್ಲಿ ತುಂಬಾ ಇದ್ದಾರೆ. ಪೆನ್ಷನ್ ಲೆಕ್ಕಕ್ಕೆ ಹಿಡಿಯುವ ಸಂಬಳ 15,000 ಆದರೆ 10 ವರ್ಷದ ಸರ್ವಿಸ್‌ಗೆ ತಿಂಗಳಿಗೆ ಸುಮಾರು 2,142 ರೂಪಾಯಿ ಬರುತ್ತದೆ. ದೊಡ್ಡ ಮೊತ್ತ ಅಲ್ಲ, ಆದರೆ ಮಗನ ಮುಂದೆ ಕೈ ಚಾಚದೆ ಔಷಧಿ ತರಬಹುದು.

ಹೊಸ ಕಡೆ ಸೇರುವಾಗ ಹಳೆಯ ಯುಎಎನ್ ನಂಬರ್ (ಎಲ್ಲ ಕಡೆಯ ಪಿಎಫ್‌ಗೂ ಒಂದೇ ನಂಬರ್) ಕೊಡಿ, ಹೊಸದು ಮಾಡಿಸಬೇಡಿ. ಕಾರ್ಮಿಕರ ಆರೋಗ್ಯ ವಿಮೆಯ ಇಎಸ್‌ಐ ನಂಬರ್ ಕೂಡ ಹಳೆಯದೇ ನಡೆಯುತ್ತದೆ. ಹಳೇ ಕಂಪನಿ ನೀವು ಬಿಟ್ಟ ತಾರೀಖು ಹಾಕಿದೆಯಾ ಅಂತ ಪಿಎಫ್ ವೆಬ್‌ಸೈಟಿನಲ್ಲಿ ನೋಡಿ. ಹಾಕದಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್ ಓಟಿಪಿ ಕೊಟ್ಟು ನೀವೇ ಹಾಕಬಹುದು. ಸೈಬರ್ ಸೆಂಟರ್‌ಗೆ ಹೋಗುವುದಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಗಿರಲಿ.