ಸಿಎಂಎಲ್ ಮತ್ತು ತಪ್ಪಿದ ಮಾತ್ರೆಗಳು: ಅಧ್ಯಯನ ಟಿಪ್ಪಣಿ

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ (ಸಿಎಂಎಲ್) ಎಂಬ ರಕ್ತದ ಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಜೀನ್ ಹುಟ್ಟುತ್ತದೆ, ಅದರ ಕಿಣ್ವವನ್ನು ಇಮಾಟಿನಿಬ್ ಎಂಬ ಮಾತ್ರೆ ತಡೆಯುತ್ತದೆ. ಇಷ್ಟು ಎಲ್ಲ ಪಠ್ಯದಲ್ಲೂ ಇದೆ, ಪರೀಕ್ಷೆಗೂ ಬರುತ್ತದೆ. ಅಷ್ಟಾಗಿ ಬಾರದ ಪ್ರಶ್ನೆ ಇನ್ನೊಂದಿದೆ: ಇಷ್ಟು ಒಳ್ಳೆಯ ಔಷಧ ಕೈಯಲ್ಲಿದ್ದೂ ಕೆಲವರ ಪಿಸಿಆರ್ (ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂದು ಅಳೆಯುವ ಪರೀಕ್ಷೆ) ಯಾಕೆ ಇಳಿಯುವುದಿಲ್ಲ?

ಇದಕ್ಕೆ ಉತ್ತರ ಹುಡುಕುವವರು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಿಂದ 2010ರಲ್ಲಿ ಬಂದ ಅಧ್ಯಯನವನ್ನು ಓದಲೇಬೇಕು. ಇಮಾಟಿನಿಬ್ ತೆಗೆದುಕೊಳ್ಳುತ್ತಿದ್ದ 87 ರೋಗಿಗಳ ಮಾತ್ರೆ ಬಾಟಲಿಗೆ ಎಲೆಕ್ಟ್ರಾನಿಕ್ ಮುಚ್ಚಳ ಹಾಕಿ, ಮೂರು ತಿಂಗಳು ಅದು ಯಾವಾಗ ಯಾವಾಗ ತೆರೆಯಿತು ಎಂದು ದಾಖಲಿಸಿದರು. ಶೇ 90ಕ್ಕಿಂತ ಹೆಚ್ಚು ಡೋಸ್ ತೆಗೆದುಕೊಂಡವರು ಆರು ವರ್ಷದಲ್ಲಿ ಮೇಜರ್ ಮಾಲಿಕ್ಯುಲರ್ ರೆಸ್ಪಾನ್ಸ್, ಅಂದರೆ ಬಿಸಿಆರ್-ಎಬಿಎಲ್ ಶೇ 0.1 ಅಥವಾ ಅದಕ್ಕೂ ಕೆಳಗೆ, ಮುಟ್ಟುವ ಸಾಧ್ಯತೆ ಶೇ 94.5 ಇತ್ತು. ಶೇ 90 ಅಥವಾ ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಅದು ಶೇ 28.4 ಮಾತ್ರ. ಸುಮಾರು ಕಾಲು ಭಾಗದಷ್ಟು ಜನ ಈ ಎರಡನೇ ಗುಂಪಿನಲ್ಲಿದ್ದರು.

ಇಲ್ಲಿ ನಿಂತು ಒಂದು ಲೆಕ್ಕ ಮಾಡಿ. ದಿನಕ್ಕೆ 400 ಮಿಲಿಗ್ರಾಮಿನ ಒಂದು ಮಾತ್ರೆ, ತಿಂಗಳಿಗೆ 30. ಮೂರು ತಪ್ಪಿದರೆ ಶೇ 90, ಆರು ತಪ್ಪಿದರೆ ಶೇ 80. ಶೇ 80 ಮತ್ತು ಅದಕ್ಕಿಂತ ಕೆಳಗಿದ್ದವರಲ್ಲಿ ಒಬ್ಬರಿಗೂ ಮಾಲಿಕ್ಯುಲರ್ ರೆಸ್ಪಾನ್ಸ್ ಸಿಗಲಿಲ್ಲ. ವಾರಕ್ಕೊಂದು ಮಾತ್ರೆ ಬಿಡುವ ರೋಗಿ ತನ್ನನ್ನು ಶಿಸ್ತಿನ ಮನುಷ್ಯ ಅಂದುಕೊಂಡಿರುತ್ತಾನೆ. ‘ಸರಿಯಾಗಿ ತಗೊಳ್ತೀರಾ?’ ಎಂದು ಕೇಳಿದರೆ ‘ಹೌದು’ ಅಂತಲೇ ಅನ್ನುತ್ತಾನೆ, ಅದು ಸುಳ್ಳೂ ಅಲ್ಲ.

ಆ ಅಧ್ಯಯನದ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಪರಿಣಾಮ ಸಾಲದೆಂದು ಡೋಸ್ ಹೆಚ್ಚಿಸಿಕೊಂಡಿದ್ದವರೇ ಮಾತ್ರೆಗಳನ್ನು ಹೆಚ್ಚು ಬಿಡುತ್ತಿದ್ದರು. ನುಂಗದ ಮಾತ್ರೆಯ ಡೋಸ್ ಎಷ್ಟು ಹೆಚ್ಚಿಸಿ ಏನು ಪ್ರಯೋಜನ! ಪಿಸಿಆರ್ ಏರಿದಾಗ ಮ್ಯುಟೇಶನ್ ಪರೀಕ್ಷೆ (ಔಷಧಕ್ಕೆ ಜಗ್ಗದಂತೆ ಜೀನ್ ಬದಲಾಗಿದೆಯೇ ಎಂದು ನೋಡುವುದು), ಔಷಧ ಬದಲಾವಣೆ ಎಂದು ಓಡುವ ಮೊದಲು ಮಾತ್ರೆಯ ಲೆಕ್ಕ ಕೇಳಬೇಕು ಎನ್ನುವುದು ಇದಕ್ಕೇ.

ಯಾಕೆ ಬಿಡುತ್ತಾರೆ? ‘ಮರೆವು’ ಎಂದು ಬರೆದು ಮುಂದಕ್ಕೆ ಹೋಗುವುದು ಸುಲಭ. ಆದರೆ ಮರೆತು ಬಿಡುವುದು ಬೇರೆ, ಗೊತ್ತಿದ್ದೇ ಬಿಡುವುದು ಬೇರೆ. ಅದೇ ಲಂಡನ್ ರೋಗಿಗಳಲ್ಲಿ ಕೆಲವರನ್ನು ಆಮೇಲೆ ಕೂರಿಸಿ ಮಾತಾಡಿಸಿದಾಗ, ಅಡ್ಡಪರಿಣಾಮ ತಪ್ಪಿಸಿಕೊಳ್ಳಲು ಬೇಕೆಂದೇ ಬಿಡುತ್ತಿದ್ದೆವು ಎಂದವರಿದ್ದರು. ಒಂದೆರಡು ತಪ್ಪಿದರೆ ಪರವಾಗಿಲ್ಲ ಎಂದು ವೈದ್ಯರೇ ಸಮಾಧಾನಕ್ಕೆ ಹೇಳಿದ ಮಾತನ್ನು ಕೆಲವರು ಅನುಮತಿ ಎಂದು ತಿಳಿದಿದ್ದರು. ಇಮಾಟಿನಿಬ್‌ನ ತೊಂದರೆಗಳು ಕೇಳುವವರಿಗೆ ಸಣ್ಣವು: ಬೆಳಿಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ವಾಕರಿಕೆ, ಭೇದಿ, ಸುಸ್ತು. ವರ್ಷಗಟ್ಟಲೆ ಅನುಭವಿಸುವವರಿಗೆ ಸಣ್ಣವಲ್ಲ. ಮದುವೆ ಮನೆಗೆ ಹೊರಟ ದಿನ ಮಾತ್ರೆ ಡಬ್ಬಿಯಲ್ಲೇ ಉಳಿದರೆ ಆಶ್ಚರ್ಯವೇನಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾರಣ ಔಷಧದ ಯಶಸ್ಸೇ. ಗುಲ್ಮ ಊದಿ ಎಡಹೊಟ್ಟೆ ಭಾರವಾಗಿ ಬಂದವರಿಗೆ ಕೆಲವೇ ವಾರಗಳಲ್ಲಿ ಹೊಟ್ಟೆ ಹಗುರಾಗುತ್ತದೆ, ಬಿಳಿರಕ್ತಕಣಗಳ ಎಣಿಕೆ ಮಾಮೂಲಿಗೆ ಬರುತ್ತದೆ. ಮೈಯಲ್ಲಿ ಏನೂ ಇಲ್ಲದವನಿಗೆ ನಾಳೆಯ ಮಾತ್ರೆ ಯಾಕೆ ಬೇಕು ಎಂದು ಯಾರಾದರೂ ಹೇಳಬೇಕು. ಒಂದು ಮಾತ್ರೆ ತಪ್ಪಿದರೆ ಆ ದಿನ ಏನೂ ಆಗುವುದಿಲ್ಲ. ಮೂರು ತಿಂಗಳ ಮೇಲೆ ಬರುವ ರಿಪೋರ್ಟಿನಲ್ಲಷ್ಟೇ ಕಾಣುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಇಲ್ಲಿ ಸಿಎಂಎಲ್ ಕಿರಿಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ದುಡಿಯುವ, ಮದುವೆಯಾಗುವ, ಮಕ್ಕಳು ಬೇಕೆನ್ನುವ ವಯಸ್ಸು. ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುವ ಹೆಣ್ಣುಮಗಳಿಗೆ ಅದನ್ನು ಬಾಯಿಬಿಟ್ಟು ಹೇಳಲು ಓಪಿಡಿಯ ಐದು ನಿಮಿಷ, ಪಕ್ಕದಲ್ಲಿ ಅತ್ತೆ ಕೂತಿರುವಾಗ, ಸಾಲುವುದಿಲ್ಲ. ಬೆಲೆಯ ಕಥೆ ಈಗ ಸ್ವಲ್ಪ ಹಗುರ. ಇಮಾಟಿನಿಬ್‌ನ ಮೂಲ ಬ್ರ್ಯಾಂಡ್ ಗ್ಲಿವೆಕ್‌ನ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು, ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಆದರೆ ಮಾತ್ರೆ ಉಚಿತವಾಗಿ ಸಿಕ್ಕರೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾಯಚೂರಿನಿಂದ ಬಂದುಹೋಗುವ ಖರ್ಚು, ಬಿಟ್ಟ ಕೂಲಿ ಉಚಿತವಲ್ಲ. ಊರಿಗೆ ಹೋದಾಗ ಸ್ಟಾಕ್ ಮುಗಿದರೆ ಅದೂ ತಪ್ಪಿದ ಡೋಸೇ.

ಹಾಗಾದರೆ ಹೇಗೆ ಕೇಳಬೇಕು? ‘ತುಂಬ ಜನಕ್ಕೆ ಒಂದೆರಡು ತಪ್ಪುತ್ತೆ, ಹೋದ ತಿಂಗಳು ನಿಮಗೆ ಎಷ್ಟು ತಪ್ಪಿರಬಹುದು?’ ಎಂದು ಕೇಳಿದರೆ ಅಂಕಿ ಬರುತ್ತದೆ. ‘ಏಕಾದಶಿಗೆ, ರಂಜಾನ್ ಉಪವಾಸಕ್ಕೆ ಏನು ಮಾಡ್ತೀರಿ?’ ಎಂದೂ ಸೇರಿಸಿ. ಇಮಾಟಿನಿಬ್ ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬೇಕಾದ ಮಾತ್ರೆ, ಊಟವಿಲ್ಲದ ದಿನ ಅದೂ ತಪ್ಪಬಹುದು. ಇದೇ ರೋಗದ ಇನ್ನೊಂದು ಔಷಧ ನಿಲೋಟಿನಿಬ್ ಇದಕ್ಕೆ ಉಲ್ಟಾ: ದಿನಕ್ಕೆ ಎರಡು ಸಲ, ಖಾಲಿ ಹೊಟ್ಟೆಯಲ್ಲಿ. ಮತ್ತೊಂದು ಔಷಧ ದಸಾಟಿನಿಬ್ ದಿನಕ್ಕೊಮ್ಮೆ ಸಾಕು, ಆದರೆ ಅಸಿಡಿಟಿ ಮಾತ್ರೆಗಳು ಅದರ ಹೀರಿಕೆಯನ್ನು ತಗ್ಗಿಸುತ್ತವೆ. ಟಿಬಿಗೆ ರಿಫಾಂಪಿಸಿನ್ ಶುರುವಾಗಿದೆಯೇ ಎಂಬುದನ್ನೂ ಕೇಳಿ. ಒಂದು ಮಾತ್ರೆಯನ್ನೂ ಬಿಡದವರಲ್ಲೂ ಅದು ರಕ್ತದಲ್ಲಿ ಇಮಾಟಿನಿಬ್ ಮಟ್ಟವನ್ನು ಇಳಿಸುತ್ತದೆ, ಅದನ್ನು ರೋಗಿಯ ತಪ್ಪು ಎಂದು ಬರೆದುಬಿಡಬಾರದು. ಇನ್ನು ನಿನ್ನೆಯದು ತಪ್ಪಿತೆಂದು ಇಂದು ಎರಡು ನುಂಗುವಂತಿಲ್ಲ.

ಈಗೀಗ ರೋಗಿಗಳೇ ಕೇಳುವ ಪ್ರಶ್ನೆಯೊಂದಿದೆ: ‘ಔಷಧ ನಿಲ್ಲಿಸಬಹುದಂತೆ?’ ಹೌದು. ಫ್ರಾನ್ಸ್‌ನ ಸ್ಟಿಮ್ ಎಂಬ ಅಧ್ಯಯನದಲ್ಲಿ ಹಾಗೆ ಇಮಾಟಿನಿಬ್ ನಿಲ್ಲಿಸಿದವರಲ್ಲಿ ಸುಮಾರು ಹತ್ತಕ್ಕೆ ನಾಲ್ಕು ಮಂದಿಗೆ ರೋಗ ಮರಳಲಿಲ್ಲ. ಆದರೆ ಅವರೆಲ್ಲ ಕನಿಷ್ಠ ಎರಡು ವರ್ಷ ಪಿಸಿಆರ್‌ಗೇ ಸಿಗದ ಮಟ್ಟದಲ್ಲಿದ್ದವರು. ನಿಲ್ಲಿಸಿದ ಮೇಲೆ ಪದೇ ಪದೇ ಪಿಸಿಆರ್ ಮಾಡಿಸಿಕೊಂಡವರು. ಮರಳಿದವರಲ್ಲಿ ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ ಮರಳಿತು, ಪರೀಕ್ಷೆಯಲ್ಲಿ ಸಿಕ್ಕಿತು, ಔಷಧ ಮತ್ತೆ ಶುರುವಾಯಿತು. ಯಾರಿಗೂ ಹೇಳದೆ ಮನೆಯಲ್ಲೇ ನಿಲ್ಲಿಸಿದವರಿಗೆ ಆ ಪರೀಕ್ಷೆ ಇರುವುದಿಲ್ಲ.